ನಾಲ್ಕು ನೀಲಿ ಕಲ್ಲು, ಒಂದು ವರ್ಷ: ಫಿರೋಜಾ ಕೊಂಡು, ಹಾಕಿ, ನೋಡಿದ್ದು

ಬಿಳಿ ಕಾಟನ್ ಕುರ್ತಾದ ಕೊರಳಪಟ್ಟಿಯ ಮೇಲೆ ತೆಳು ನೀಲಿ ಗೆರೆ ಕಂಡಿದ್ದು ಏಪ್ರಿಲ್‌ನಲ್ಲಿ. ಸಿದ್ಧಗಂಗೆ ಜಾತ್ರೆಯಲ್ಲಿ ₹180 ಕೊಟ್ಟು ತಂದಿದ್ದ ಮಣಿಸರ ಹಾಕಿಕೊಂಡು, ಉರಿಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ಟೌನ್‌ಹಾಲ್ ಸರ್ಕಲ್ ತನಕ ನಡೆದಿದ್ದೆ. ಸೋಪು ಹಾಕಿ ಉಜ್ಜಿದರೂ ಗೆರೆ ಪೂರ್ತಿ ಹೋಗಲಿಲ್ಲ. ಅತ್ತೆ ನೋಡಿ, "ಕಲ್ಲೂ ಬಣ್ಣ ಬಿಡುತ್ತೇನಮ್ಮ?" ಅಂದರು. ಬಿಡುತ್ತದೆ, ಬಣ್ಣ ಹಾಕಿದ್ದರೆ.

ಹುಚ್ಚು ಹತ್ತಿದ್ದು ಅಲ್ಲಿಂದ. ಮಣಿಸರದ ಜೊತೆಗೆ ಆನ್‌ಲೈನಲ್ಲಿ ತರಿಸಿದ ಬೆಳ್ಳಿ ಉಂಗುರ (₹1,650), ಬೆಂಗಳೂರಲ್ಲಿ ಕೊಂಡ ಓಲೆ (₹600), ಬೈಲಕುಪ್ಪೆಯಿಂದ ತಂದ ಪದಕ (₹3,800), ಒಟ್ಟು ನಾಲ್ಕು ಕಲೆಹಾಕಿದೆ. ಎಲ್ಲವನ್ನೂ ತಿಂಗಳುಗಟ್ಟಲೆ ಹಾಕಿಕೊಂಡು ಓಡಾಡಿದೆ. ನಾನು ರತ್ನ ಪರೀಕ್ಷಕಿಯಲ್ಲ, ಹೈಸ್ಕೂಲ್ ಟೀಚರ್. ಆ ಲೆಕ್ಕದಲ್ಲೇ ಓದಿಕೊಳ್ಳಿ.

ಅಂಗಡಿಗೆ ಹೋಗುವ ಮೊದಲು ಹೆಸರಿನ ಗೊಂದಲ ಬಗೆಹರಿಯಬೇಕು. ಫಿರೋಜಾ ಅಂದರೆ ಇಂಗ್ಲಿಷಿನ ಟರ್ಕಾಯ್ಸ್. ಅದನ್ನು ಕೆಲವರು ಕನ್ನಡದಲ್ಲಿ ವೈಡೂರ್ಯ ಎಂದು ಬರೆಯುತ್ತಾರೆ. ಅದನ್ನೇ ನಂಬಿ ನಮ್ಮ ತುಮಕೂರಿನ ಎಂ.ಜಿ. ರಸ್ತೆಯ ಆಭರಣದಂಗಡಿಯಲ್ಲಿ ವೈಡೂರ್ಯ ತೋರಿಸಿ ಅಂದೆ. ಬೆಕ್ಕಿನ ಕಣ್ಣಿನ ಹಾಗೆ ನಡುವೆ ಬೆಳಕಿನ ಗೆರೆ ಓಡುವ ಕಲ್ಲು ತೆಗೆದಿಟ್ಟರು. ನವರತ್ನದ ವೈಡೂರ್ಯ ಅದು. ಫೋನಲ್ಲಿ ಚಿತ್ರ ತೋರಿಸಿದ ಮೇಲೆ, "ಓ, ಫಿರೋಜಾನಾ? ನವರತ್ನದಲ್ಲಿ ಬರಲ್ಲ ಮೇಡಂ, ಇಲ್ಲಿ ಕೇಳೋರೂ ಇಲ್ಲ" ಅಂತ ಟ್ರೇ ಮುಚ್ಚಿದರು. ಹಾಗಾಗಿ ತುಮಕೂರಲ್ಲಿ ಕೂತು ಈ ಕಲ್ಲು ಬೇಕೆಂದರೆ ಒಂದೋ ಜಾತ್ರೆ, ಇಲ್ಲವೇ ಪರವೂರು, ಇಲ್ಲವೇ ಫೋನು.

ಫಿರೋಜಾ ಅಂದರೆ ತಾಮ್ರ, ಅಲ್ಯೂಮಿನಿಯಂ, ಫಾಸ್ಫೇಟ್ ಮತ್ತು ನೀರಿನಂಶ ಸೇರಿದ ಖನಿಜ. ಒಣನಾಡುಗಳಲ್ಲಿ ತಾಮ್ರದ ಅದಿರಿರುವ ಬಂಡೆಯೊಳಗೆ ಮಳೆನೀರು ಇಳಿದು, ಬಿರುಕುಗಳಲ್ಲಿ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ನೀಲಿ ತಾಮ್ರದ್ದು. ಕಬ್ಬಿಣ ಬೆರೆತಷ್ಟೂ ಹಸಿರಿಗೆ ತಿರುಗುತ್ತದೆ. ಇರಾನಿನ ನಿಶಾಪುರ, ಈಜಿಪ್ಟಿನ ಸಿನಾಯ್, ಅಮೆರಿಕದ ಅರಿಜೋನ, ಚೀನಾದ ಹುಬೈ ಇದರ ಹೆಸರಾಂತ ತವರುಗಳು. ಕೊಳ್ಳುವವರು ನೆನಪಿಡಬೇಕಾದ್ದು ಎರಡು ಗುಣ. ಒಂದರಿಂದ ಹತ್ತರ ಮೋಸ್ ಅಳತೆಯಲ್ಲಿ ಗಡಸುತನ 5ರಿಂದ 6 ಮಾತ್ರ. ನಮ್ಮ ಮನೆಯ ಧೂಳಿನಲ್ಲಿರುವ ಮರಳಿನ ಕಣಗಳದು 7, ಅಂದರೆ ಒಣಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳಬಹುದು. ಎರಡನೆಯದು, ಇದು ಹೀರುವ ಕಲ್ಲು. ಎಣ್ಣೆ, ಬೆವರು, ಸೆಂಟು ಯಾವುದನ್ನೂ ಬಿಡುವುದಿಲ್ಲ. ಗಣಿಯಿಂದ ಬಂದದ್ದರಲ್ಲಿ ಬಹುಪಾಲು ಸೀಮೆಸುಣ್ಣದ ಹಾಗೆ ಮೆತ್ತಗಿರುವುದರಿಂದ ರೆಸಿನ್ ಎಂಬ ಅಂಟು ಕುಡಿಸಿ ಗಟ್ಟಿ ಮಾಡುತ್ತಾರೆ. ಸ್ಟೆಬಿಲೈಸ್ಡ್ ಎಂದು ಬರೆದಿದ್ದರೆ ಅದೇ ಅರ್ಥ.

ಜಾತ್ರೆಯ ಮಣಿಗೆ ಪರೀಕ್ಷೆ ಕಷ್ಟವಾಗಲಿಲ್ಲ. ನೇಲ್‌ಪಾಲಿಶ್ ಒರೆಸುವ ದ್ರವದಲ್ಲಿ ಹತ್ತಿ ಅದ್ದಿ ಉಜ್ಜಿದೆ, ಹತ್ತಿ ನೀಲಿಯಾಯಿತು. ದಾರ ಬಿಚ್ಚಿ ತೂತಿನೊಳಕ್ಕೆ ಫೋನಿನ ಟಾರ್ಚ್ ಬಿಟ್ಟೆ, ಒಳಗೆ ಬಿಳಿ. ಸಮಾಧಾನವಾಗದೆ ಒಂದು ಮಣಿಯನ್ನು ಗುಂಡುಕಲ್ಲಲ್ಲಿ ಕುಟ್ಟಿದೆ. ತಿಪಟೂರಿನ ಕೊಬ್ಬರಿ ಒಡೆದ ಹಾಗೆ, ಹೊರಗೆ ಕಾಗದದಷ್ಟು ಬಣ್ಣದ ಸಿಪ್ಪೆ, ಒಳಗೆಲ್ಲ ಬೆಳ್ಳಗೆ. ಹೌಲೈಟ್, ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲುಗಳಿಗೆ ಹೀಗೆ ಬಣ್ಣ ಕುಡಿಸುತ್ತಾರೆ. ಹೌಲೈಟ್‌ನಲ್ಲಿ ಹುಟ್ಟಿನಿಂದಲೇ ಬೂದು ನರಗಳು, ಅಂದರೆ ಕಲ್ಲಿನೊಳಗೆ ಓಡುವ ಗೆರೆಗಳು, ಇರುವುದರಿಂದ ಫಿರೋಜಾದ ವೇಷ ಚೆನ್ನಾಗಿ ಒಪ್ಪುತ್ತದೆ. ಗಡಸುತನ 3.5, ಪಿನ್ನಿನಲ್ಲಿ ಗೀಚಿದರೆ ಪುಡಿ ಉದುರುತ್ತದೆ. ₹180ಕ್ಕೆ ಬೇರೇನು ನಿರೀಕ್ಷಿಸಲಿ? ಮಾರಿದವನ ಮೇಲೆ ನನಗೆ ಸಿಟ್ಟಿಲ್ಲ, ಕುರ್ತಾ ಹೋದದ್ದಕ್ಕೆ ಮಾತ್ರ ಬೇಜಾರು.

ಓಲೆಯ ವಿಷಯ ಎರಡು ಮಾತಲ್ಲಿ ಮುಗಿಯುತ್ತದೆ. ಎಡಗಿವಿಯ ಕಲ್ಲಿನ ಕಪ್ಪು ಜಾಲವೂ ಬಲಗಿವಿಯದೂ ಅಚ್ಚೊತ್ತಿದಂತೆ ಒಂದೇ. ಕೈಯಲ್ಲಿ ಹಿಡಿದರೆ ತಂಪಿಲ್ಲ, ತೂಕವಿಲ್ಲ. ಪುಡಿ ಮತ್ತು ಅಂಟಿನದೋ, ಬರೀ ಪ್ಲಾಸ್ಟಿಕ್ಕೋ ನನಗೆ ಬೇಕಿರಲಿಲ್ಲ. ₹600 ದಂಡ.

ಉಂಗುರದ ಕಥೆ ದೊಡ್ಡದು. ಫೋಟೋದ ಕೆಳಗೆ "ನ್ಯಾಚುರಲ್ ಸ್ಲೀಪಿಂಗ್ ಬ್ಯೂಟಿ, 925 ಬೆಳ್ಳಿ" ಎಂದಿತ್ತು. ಸ್ಲೀಪಿಂಗ್ ಬ್ಯೂಟಿ ಅರಿಜೋನದ ಒಂದು ಗಣಿ. ನರವಿಲ್ಲದ ಶುದ್ಧ ಆಕಾಶನೀಲಿಗೆ ಹೆಸರುವಾಸಿ. ಅಲ್ಲಿ ಫಿರೋಜಾ ತೆಗೆಯುವುದು 2012ರಲ್ಲೇ ನಿಂತಿದೆ, ಈಗ ಓಡಾಡುವುದು ಹಳೇ ದಾಸ್ತಾನು, ಬೆಲೆಯೂ ಏರಿದೆ. ಇದೆಲ್ಲ ನಾನು ಓದಿಕೊಂಡದ್ದು ದುಡ್ಡು ಕಟ್ಟಿದ ಮೇಲೆ. ಪೆಟ್ಟಿಗೆಯೊಳಗೆ ಸರ್ಟಿಫಿಕೇಟ್ ಎಂಬ ಕಾರ್ಡೂ ಇತ್ತು. ಕಲ್ಲಿನ ಹೆಸರಿತ್ತು, ಕಲ್ಲಿಗೆ ಏನು ಮಾಡಿದ್ದಾರೆ ಎಂಬುದು ಇರಲಿಲ್ಲ.

ಬೆರಳಿಗೆ ಸಡಿಲವಾಗಿದ್ದರಿಂದ ಚಿಕ್ಕಪೇಟೆಯಲ್ಲಿ ನಮ್ಮ ಮನೆಗೆ ಕೆಲಸ ಮಾಡಿಕೊಡುವ ಆಚಾರ್ರ ಹತ್ತಿರ ಒಯ್ದೆ. "ಇದು ಬೆಂಕಿ ತಡೆಯೋ ಕಲ್ಲಲ್ಲ ಕಣಮ್ಮ, ಬಿಚ್ಚಿಟ್ಟೇ ಮಾಡ್ಬೇಕು" ಅಂದು, ಬೆಳ್ಳಿಯ ಅಂಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಬ್ಬಿಸುತ್ತಾ ಸುತ್ತು ಬಂದರು. ಕಲ್ಲು ಚಿಮಟದ ತುದಿಗೆ ಬಂತು. ಮೇಲಿಂದ ನೋಡಿದರೆ ಹುಣಸೆಬೀಜದಷ್ಟು ದಪ್ಪ ಇರಬೇಕೆನಿಸುತ್ತಿದ್ದ ಕಲ್ಲು ನಿಜವಾಗಿ ಉಗುರಿನಷ್ಟು ತೆಳು. ಅದರಡಿ ದಪ್ಪಕ್ಕೆ ಕಪ್ಪು ಅಂಟಿನ ಪದರ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಚನ್ನು ತಿರುಗಿಸಿ ನೋಡಿದರು. ಕಂದು ನರವೊಂದು ಮೇಲಿಂದ ಕೆಳಗಿನ ತನಕ ಇಳಿದಿತ್ತು, ಮೇಲೆ ಬಳಿದ ಗೆರೆಯಲ್ಲ. ನನ್ನನ್ನು ಕೇಳಿಯೇ ಹಿಂಬದಿಯ ಮೂಲೆಯಲ್ಲಿ, ಕಪ್ಪು ಪದರಕ್ಕೆ ತಾಗದ ಹಾಗೆ, ಕಾದ ಸೂಜಿ ಮುಟ್ಟಿಸಿದರು. ಬಾಚಣಿಗೆ ಸುಟ್ಟ ವಾಸನೆ.

"ಕಲ್ಲೇನೋ ಕಲ್ಲೇ. ಅಂಟು ಕುಡಿಸವ್ರೆ."

ಲ್ಯಾಬಿನ ಮಾತಲ್ಲ ಅದು, ನಲವತ್ತು ವರ್ಷ ಕಲ್ಲು ಕಟ್ಟಿದ ಕಣ್ಣಿನ ಮಾತು. ನಾನು ಒಪ್ಪಿದೆ. ಬೇಜಾರಾದದ್ದು ಅಂಟಿಗಲ್ಲ, ಅದನ್ನು ಹೇಳದೆ ನ್ಯಾಚುರಲ್ ಎಂಬ ಒಂದೇ ಪದದ ಮರೆಯಲ್ಲಿ ಮಾರಿದ್ದಕ್ಕೆ. ಮಾರಾಟಗಾರರಿಗೆ ಬರೆದೆ, "ಕಲ್ಲು ನ್ಯಾಚುರಲ್ಲೇ" ಎಂಬ ಉತ್ತರ ಬಂತು. ಸುಳ್ಳಲ್ಲ, ನಿಜವೂ ಅಲ್ಲ.

ತಮಾಷೆಯೆಂದರೆ, ಏಳು ತಿಂಗಳಾದರೂ ಆ ಉಂಗುರದ ಬಣ್ಣ ಕದಲಿಲ್ಲ. ಬೋರ್ಡಿನ ಚಾಕ್‌ಪುಡಿ, ಪಾತ್ರೆಯ ಸೋಪು, ಚಿತ್ರಾನ್ನ ಕಲಸಿದ ಕೈ ಎಲ್ಲವನ್ನೂ ಕಂಡಿದೆ. ಬೇಕೆಂದೇ ತೆಗೆಯದೆ ಹಾಕಿಕೊಂಡಿದ್ದೆ. ಹೊಳಪು ಸ್ವಲ್ಪ ಮಂಕಾಗಿದೆ, ಅಷ್ಟೇ.

ಪದಕ ಇದಕ್ಕೆ ತದ್ವಿರುದ್ಧ. ಬೈಲಕುಪ್ಪೆಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಕೊಂಡದ್ದು. 1961ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಿಗೆ ಈ ಕಲ್ಲು ಹವಳದಷ್ಟೇ ಆಪ್ತ, ಅವರ ಮಾತಲ್ಲಿ ಇದರ ಹೆಸರು ಯು. ಅಂಗಡಿಯಾಕೆ ಅಚ್ಚುಕಟ್ಟಾದ ಕನ್ನಡದಲ್ಲಿ ಎರಡು ಟ್ರೇ ತೋರಿಸಿದರು: "ಇದು ಗಟ್ಟಿ ಮಾಡಿದ್ದು. ಇದು ಹಾಗೇ ಇರೋದು, ಬಣ್ಣ ತಿರುಗುತ್ತೆ. ಆಮೇಲೆ ಬಂದು ಬೈಬೇಡಿ ಮೇಡಂ." ನಾನು ಕೇಳದೆಯೇ ಹೇಳಿದರು. ಬಿಲ್ಲಿನ ಮೇಲೂ ಅನ್‌ಟ್ರೀಟೆಡ್ ಎಂದು ಬರೆದುಕೊಟ್ಟರು. ಹಸಿರು ಮಿಶ್ರಿತ ನೀಲಿ, ಉಗುರು ಆಡಿಸಿದರೆ ಕಂದು ನರದ ಜಾಗದಲ್ಲಿ ಸಣ್ಣ ತಗ್ಗು ಸಿಗುತ್ತದೆ. ಕೆನ್ನೆಗಿಟ್ಟರೆ ತಣ್ಣಗೆ. ಹಿಂಬದಿಗೆ ಅದೇ ನೇಲ್‌ಪಾಲಿಶ್ ಒರೆಸುವ ದ್ರವದಲ್ಲಿ ಅದ್ದಿದ ಹತ್ತಿ ಉಜ್ಜಿದೆ, ಬೆಳ್ಳಗೇ ಉಳಿಯಿತು. (ಉಂಗುರಕ್ಕೆ ಇದನ್ನು ಮಾಡಲಿಲ್ಲ. ಆ ದ್ರವದಲ್ಲಿರುವ ಅಸಿಟೋನ್ ತಾಗಿದರೆ ರೆಸಿನ್ ಕುಡಿಸಿದ ಕಲ್ಲಿನ ಹೊಳಪು ಕೆಡಬಹುದು.)

ಅದನ್ನು ಹಾಕಿಕೊಂಡು ನಾದಿನಿಯ ಮದುವೆಯ ಅರಿಶಿನ ಶಾಸ್ತ್ರಕ್ಕೆ ಹೋದದ್ದು ನನ್ನದೇ ತಪ್ಪು. ಜೊತೆಗೆ ದಿನವೂ ಹಚ್ಚುವ ಕೊಬ್ಬರಿ ಎಣ್ಣೆ. ಮೂರನೇ ತಿಂಗಳಿಗೆ ಕಲ್ಲಿನ ಕೆಳತುದಿ ಬಾವಿಕಟ್ಟೆಯ ಪಾಚಿ ಬಣ್ಣಕ್ಕೆ ತಿರುಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಜಗ್ಗಲಿಲ್ಲ. ಒಳಗಿಳಿದ ಎಣ್ಣೆ ಹೊರಗೆ ಬರುವುದಿಲ್ಲ. ನಿಂಬೆ, ವಿನೆಗರ್ ಹಚ್ಚಲು ಸಲಹೆ ಕೊಟ್ಟವರಿದ್ದಾರೆ, ದಯವಿಟ್ಟು ಬೇಡ, ಹುಳಿ ಈ ಕಲ್ಲನ್ನೇ ತಿನ್ನುತ್ತದೆ.

ನಾಳೆ ಮತ್ತೆ ಕೊಳ್ಳುವುದಾದರೆ? ಕೈಗೆ, ಅಂದರೆ ಉಂಗುರ ಬಳೆಗಳಿಗೆ, ರೆಸಿನ್ ಕುಡಿಸಿದ್ದನ್ನೇ ಕೊಳ್ಳುತ್ತೇನೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವವರ ಹತ್ತಿರ, ಅದರ ಬೆಲೆಗೆ. ನಮ್ಮ ಅಡುಗೆಮನೆಗಳಲ್ಲಿ ಹಸಿ ಫಿರೋಜಾ ಬದುಕುವುದಿಲ್ಲ. ಏನೂ ಮಾಡದ ಕಲ್ಲು ಬೇಕೆನಿಸಿದರೆ ಓಲೆಗೆ, ಅಥವಾ ರವಿಕೆಯ ಮೇಲೆ ನಿಲ್ಲುವ ಉದ್ದ ಸರಕ್ಕೆ. "ಒರಿಜಿನಲ್ಲಾ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ, ಎಲ್ಲರೂ ಹೂಂ ಅಂತಾರೆ. ಈಗ ಕೇಳುವುದು, "ಈ ಕಲ್ಲಿಗೆ ಏನೇನು ಮಾಡಿದ್ದಾರೆ, ಬಿಲ್ಲಲ್ಲಿ ಬರೀತೀರಾ?" ಅಲ್ಲಿಗೆ ಅರ್ಧ ಅಂಗಡಿಗಳ ಮಾತು ನಿಲ್ಲುತ್ತದೆ.

ಪಾಚಿ ಬಣ್ಣದ ಪದಕ ಈಗ ಅತ್ತೆಯ ಕೊರಳಲ್ಲಿದೆ. ಹಳೇ ಕಾಲದ್ದರ ಹಾಗೆ ಕಾಣುತ್ತದಂತೆ. ಒಡೆಯದೆ ಉಳಿದ ಜಾತ್ರೆಯ ಮಣಿಗಳನ್ನು ಮತ್ತೆ ಪೋಣಿಸಿ ಗೌರಿ ಹಬ್ಬದ ದಿನ ಗೌರಮ್ಮನಿಗೆ ಹಾಕಿದೆವು. ಆಕೆ ಬೆವರುವುದಿಲ್ಲ.