ಹೆಡ್ ಗ್ಯಾಸ್ಕೆಟ್ ರಿಪೇರಿಯೋ, ಬೇರೆ ಎಂಜಿನ್ನೋ? ಘಟ್ಟದಲ್ಲಿ ಓಡುವ ಡೀಸೆಲ್ ಸ್ವಿಫ್ಟ್‌ನ ಅನುಭವ

ಗಾಡಿ 2010ರ ಸ್ವಿಫ್ಟ್ ಡೀಸೆಲ್, 1248 ಸಿಸಿ. ನಾವಿರುವುದು ಹಾಸನದಲ್ಲಿ, ತೋಟ ಇರುವುದು ಮೂಡಿಗೆರೆ ಹತ್ತಿರ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಗಾಗ ಚಾರ್ಮಾಡಿ ಇಳಿದು ಧರ್ಮಸ್ಥಳ. ಇದೇ ಅದರ ಓಡಾಟ. 2021ರಲ್ಲಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ನ ಎರಡು ಭಾಗಗಳ ನಡುವಿನ ಸೀಲ್, ಹೋಯಿತು. ಎಂಜಿನ್ ಬದಲಾಯಿಸದೆ ರಿಪೇರಿ ಮಾಡಿಸಿದೆವು. ಇವತ್ತಿಗೂ ಅದೇ ಎಂಜಿನ್ ಓಡುತ್ತಿದೆ. ರಿಪೇರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಶುರುವಾಗಿದ್ದು ರೇಡಿಯೇಟರ್‌ನಿಂದ. ಅದರ ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ಘಟ್ಟ ಹತ್ತುವಾಗ ಸೀಳಿತು. ಟೆಂಪರೇಚರ್ ಮುಳ್ಳು ಮೇಲೇರಿದ ತಕ್ಷಣ ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ, ಟೋಯಿಂಗ್‌ನಲ್ಲಿ ತಂದೆವು. ರೇಡಿಯೇಟರ್ ಹೊಸದಾಯಿತು. ಆದರೂ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾಗುತ್ತಲೇ ಇತ್ತು, ಕೆಳಗೆ ಒಂದು ಹನಿ ಸೋರಿಕೆ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಸ್ವಲ್ಪ ಹೊತ್ತು ನಡುಗುತ್ತಿತ್ತು. ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ. ಎಂಜಿನ್ ಇನ್ನೂ ಬಿಸಿಯೇ ಆಗಿರುವುದಿಲ್ಲ, ಅಷ್ಟರಲ್ಲಿ ರೇಡಿಯೇಟರ್‌ನ ಮೇಲಿನ ಹೋಸ್ ಗಟ್ಟಿಯಾಗಿರುತ್ತಿತ್ತು. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿತ್ತು.

ಮೊದಲು ತೋರಿಸಿದ ವರ್ಕ್‌ಶಾಪ್‌ನಲ್ಲಿ ಬಾನೆಟ್ ಎತ್ತಿ ನೋಡಿ, ‘ಎಂಜಿನ್ ಹೋಗಿದೆ, ಬೇರೆ ಕೂರಿಸೋಣ’ ಎಂದರು. ಒಂದೇ ಒಂದು ಟೆಸ್ಟ್ ಮಾಡಲಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೆ. ಎಂಜಿನ್ ಒಳಗೆ ಏನಾಗಿದೆ ಅಂತ ಹೊಗೆಯ ಬಣ್ಣ ನೋಡಿ ಹೇಳೋಕಾಗಲ್ಲ.

ಗ್ಯಾಸ್ಕೆಟ್ ಕೂರುವುದು ಕೆಳಗಿನ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವೆ. ಸಿಲಿಂಡರ್ ಒಳಗಿನ ಒತ್ತಡ, ಕೂಲಂಟ್, ಆಯಿಲ್ ಮೂರೂ ಒಂದಕ್ಕೊಂದು ಸೇರದಂತೆ ತಡೆಯುವುದು ಆ ತೆಳು ಹಾಳೆ. ಈ ಎಂಜಿನ್‌ನಲ್ಲಿ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಮಿತಿಮೀರಿ ಕಾದಾಗ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ಅಂದರೆ ಗ್ಯಾಸ್ಕೆಟ್ ಹೋದ ಮಾತ್ರಕ್ಕೆ ಪಿಸ್ಟನ್, ರಿಂಗ್, ಕ್ರ್ಯಾಂಕ್ ಬೇರಿಂಗ್ ಹೋಗಿವೆ ಎಂದಲ್ಲ. ಹೋಗಿರಲೂಬಹುದು. ಟೆಸ್ಟ್ ಮಾಡಬೇಕಾದದ್ದು ಅದನ್ನೇ ಅಲ್ವಾ?

ಬಿ.ಎಂ. ರಸ್ತೆ ಕಡೆಯ ಇನ್ನೊಬ್ಬ ಮೆಕ್ಯಾನಿಕ್ ಅದನ್ನು ಮಾಡಿದರು. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಎಂದು ನೋಡಿದರು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಕಡಿಮೆ, ಉಳಿದ ಎರಡರಲ್ಲಿ ಸರಿ ಇತ್ತು. ಆಮೇಲೆ ಲೀಕ್ ಡೌನ್ ಟೆಸ್ಟ್. ಪಿಸ್ಟನ್ ಅನ್ನು ತುತ್ತತುದಿಗೆ ತಂದು ನಿಲ್ಲಿಸಿ ಸಿಲಿಂಡರ್‌ಗೆ ಗಾಳಿ ತುಂಬುತ್ತಾರೆ. ಗಾಳಿ ಎಲ್ಲಿಂದ ಹೊರಗೆ ಬರುತ್ತದೋ ತೊಂದರೆ ಅಲ್ಲಿದೆ. ಆಯಿಲ್ ಹಾಕುವ ಬಾಯಲ್ಲಿ ಸುಯ್ಯೆಂದರೆ ರಿಂಗ್ ಸವೆದಿದೆ. ಸೈಲೆನ್ಸರ್ ಕಡೆ ಕೇಳಿಸಿದರೆ ವಾಲ್ವ್. ಕೂಲಂಟ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್‌ನಲ್ಲಿ ಬಿರುಕು. ನಮ್ಮದರಲ್ಲಿ ಬಂದದ್ದು ಗುಳ್ಳೆ. ಆಯಿಲ್ ತೆಗೆದು ನೋಡಿದರೆ ಕಪ್ಪಗೇ ಇತ್ತು, ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರಲಿಲ್ಲ. ಆಯಿಲ್‌ಗೆ ಕೂಲಂಟ್ ಸೇರಿಲ್ಲ, ಬೇರಿಂಗ್‌ಗಳು ಉಳಿದಿವೆ ಎಂಬ ಧೈರ್ಯ ಬಂತು. ರಿಪೇರಿ ಎಂದು ತೀರ್ಮಾನಿಸಿದ್ದು ಆಗಲೇ.

ಹೆಡ್ ಬಿಚ್ಚಿದ ಮೇಲೆ ನೇರ ಪಟ್ಟಿ ಮತ್ತು ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಹಾಳೆಗಳು) ಇಟ್ಟು ಅಳೆದರು. ಬಾಗು ಮಿತಿಯೊಳಗೇ ಇತ್ತು. ಪ್ರೆಷರ್ ಟೆಸ್ಟ್‌ನಲ್ಲೂ ಬಿರುಕು ಸಿಗಲಿಲ್ಲ. ಇಲ್ಲಿ ಒಂದು ಮಾತು. ಹೆಡ್ ಬಿಚ್ಚಿದ ಕೂಡಲೇ ‘ಲೇತ್‌ಗೆ ಕಳಿಸಿ ಒಂದು ಕಟ್ ಹೊಡೆಸೋಣ’ ಎನ್ನುವವರಿದ್ದಾರೆ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಹೆಡ್‌ನ ತಳವನ್ನು ಹಾಗೆ ಉಜ್ಜಲೇಬಾರದು ಎಂದು ತಯಾರಕರೇ ಹೇಳುತ್ತಾರೆ. ಮ್ಯಾನ್ಯುಯಲ್ ನೋಡದೆ ಒಪ್ಪಬೇಡಿ. ಡೀಸೆಲ್ ಗ್ಯಾಸ್ಕೆಟ್‌ಗಳು ಬೇರೆಬೇರೆ ದಪ್ಪದಲ್ಲಿ ಬರುತ್ತವೆ. ಪಿಸ್ಟನ್ ಬ್ಲಾಕ್‌ಗಿಂತ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು ಅದಕ್ಕೆ ತಕ್ಕದ್ದನ್ನು ಆರಿಸಬೇಕು. ಅಂಚಿನ ಕಚ್ಚು ಅಥವಾ ತೂತುಗಳ ಲೆಕ್ಕದಲ್ಲಿ ದಪ್ಪ ಗುರುತಿಸುತ್ತಾರೆ. ನಮಗೆ ಬೇಕಾದ ದಪ್ಪದ್ದು ಹಾಸನದಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಯಿತು.

ಹೆಡ್ ಬೋಲ್ಟ್‌ಗಳನ್ನು ಹೊಸದೇ ಹಾಕಿಸಿದೆವು. ಅವು ಬಿಗಿಯುವಾಗ ಸ್ವಲ್ಪ ಎಳೆದುಕೊಳ್ಳುವ ಬಗೆಯವು, ಮತ್ತೆ ಬಳಸಿದರೆ ಹಿಡಿತ ನಂಬೋಕಾಗಲ್ಲ. ನಡುವಿನಿಂದ ಶುರುಮಾಡಿ ಹೊರಕ್ಕೆ, ಹಂತ ಹಂತವಾಗಿ ಟಾರ್ಕ್ ರೆಂಚ್‌ನಲ್ಲಿ (ಬಿಗಿಯುವ ಬಲ ಅಳೆಯುವ ಪಾನಾ) ಬಿಗಿದು, ಕೊನೆಗೆ ಇಷ್ಟು ಡಿಗ್ರಿ ಎಂದು ತಿರುಗಿಸುತ್ತಾರೆ. ಅಂದಾಜಿನಲ್ಲಿ ಬಿಗಿಯುವ ಕೈಗೆ ಈ ಕೆಲಸ ಕೊಡಲೇಬೇಡಿ. ಟೈಮಿಂಗ್ ಚೈನ್ ಹೇಗೂ ಬಿಚ್ಚಿದ್ದರಿಂದ ಅದನ್ನೂ ಬದಲಾಯಿಸಿದೆವು. ಇಂಜೆಕ್ಟರ್ ವಾಷರ್, ಥರ್ಮೋಸ್ಟ್ಯಾಟ್, ವಾಟರ್ ಪಂಪ್ ಕೂಡ. ರೇಡಿಯೇಟರ್ ಬಿಟ್ಟು ಒಟ್ಟು ಸುಮಾರು 35,000 ರೂಪಾಯಿ ಆಯಿತು. ಗುಜರಿಯ ಹಳೇ ಎಂಜಿನ್‌ಗೆ, ಕೂರಿಸುವ ಕೂಲಿ ಸೇರಿ, ನಮಗೆ ಹೇಳಿದ್ದು ಇದರ ಎರಡು ಪಟ್ಟಿಗೂ ಮೇಲೆ.

ಅಷ್ಟು ಕೊಟ್ಟರೂ ಆ ಎಂಜಿನ್ ಯಾವ ಗಾಡಿಯದು, ಎಷ್ಟು ಓಡಿದೆ, ಅದೂ ಕಾದು ಕೆಟ್ಟದ್ದೇ ಅಂತ ಯಾರಿಗೆ ಗೊತ್ತು? ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಎಂಜಿನ್ ನಂಬರ್ ಆರ್‌ಸಿಯಲ್ಲಿದೆ. ಎಂಜಿನ್ ಬದಲಾದರೆ ಆರ್‌ಟಿಓ ಅನುಮತಿ ಬೇಕು, ಹೊಸ ನಂಬರ್ ಬರೆಸಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಖಾಸಗಿ ಕಾರಿಗೆ 15 ವರ್ಷವಾದಾಗ ಆರ್‌ಸಿ ನವೀಕರಿಸಲು ಗಾಡಿ ತಪಾಸಣೆಗೆ ನಿಲ್ಲಬೇಕು. ನಮ್ಮದು 2025ರಲ್ಲಿ ನಿಂತಾಗ ನಂಬರ್ ಹೊಂದಿಕೊಂಡೇ ಇದ್ದದ್ದರಿಂದ ಆ ತಲೆನೋವು ಇರಲಿಲ್ಲ.

ಎಂಜಿನ್ ಬದಲಾಯಿಸಲೇಬೇಕಾದ ಸಂದರ್ಭಗಳೂ ಇವೆ. ನಮ್ಮ ಪರಿಚಯದವರ ವ್ಯಾನ್ ಒಂದು ಕೆಂಪು ದೀಪ ಉರಿಯುತ್ತಿದ್ದರೂ ಊರು ಮುಟ್ಟುವ ತನಕ ಓಡಿತ್ತು. ಆಯಿಲ್‌ಗೆ ನೀರು ಸೇರಿ, ಬೇರಿಂಗ್ ಸದ್ದು ಶುರುವಾಗಿ, ಸಿಲಿಂಡರ್ ಗೋಡೆಯಲ್ಲಿ ಗೀರು ಬಿದ್ದಿತ್ತು. ಅದಕ್ಕೆ ಗ್ಯಾಸ್ಕೆಟ್ ಹಾಕಿದ್ದರೆ ದುಡ್ಡು ದಂಡ. ಬ್ಲಾಕ್ ಬಿರುಕು ಬಿಟ್ಟಿದ್ದರೂ ಅಷ್ಟೇ. ಕೂಲಂಟ್‌ಗೆ ಸುರಿದರೆ ಸೋರಿಕೆ ಮುಚ್ಚುವ ಬಾಟಲಿಗಳನ್ನು ಮಾತ್ರ ರಿಪೇರಿ ಮಾಡಿಸುವವರೂ ಎಂಜಿನ್ ಬದಲಾಯಿಸುವವರೂ ದೂರ ಇಡಿ. ಅದು ರೇಡಿಯೇಟರ್, ಹೀಟರ್‌ನ ಸಣ್ಣ ದಾರಿಗಳನ್ನೂ ಕಟ್ಟಿಬಿಡುತ್ತದೆ.

ರಿಪೇರಿಯ ನಂತರ ಕೂಲಂಟ್ ಮಟ್ಟ ಕದಲಿಲ್ಲ. ಡಿಸೆಂಬರ್ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮೈಲೇಜ್ ಮೊದಲಿನಷ್ಟೇ. ಸೀತಾಳಯ್ಯನಗಿರಿಯ ಏರಿನಲ್ಲೂ ಮುಳ್ಳು ಜಾಗ ಬಿಡುವುದಿಲ್ಲ. ಬೋರ್‌ವೆಲ್ ನೀರು ಒಂದು ಹನಿಯೂ ಹಾಕುವುದಿಲ್ಲ, ಕೂಲಂಟ್ ಜೊತೆ ಲವಣ ತೆಗೆದ ಡಿಮಿನರಲೈಸ್ಡ್ ನೀರು ಮಾತ್ರ.

ಒಂದು ಅಂಕ ಕಳೆದದ್ದಕ್ಕೆ ಕಾರಣ ಇದೆ. ಸಾಮಾನು ಬರುವ ತನಕ ಗಾಡಿ ವಾರಗಟ್ಟಲೆ ಶೆಡ್‌ನಲ್ಲಿ ನಿಂತಿತ್ತು. ತೋಟದ ಕೆಲಸದ ಸಮಯದಲ್ಲಿ ಅದು ಬಹಳ ಕಷ್ಟ. ವಾಲ್ವ್ ಕವರ್ ಅಂಚಿನಲ್ಲಿ ಆಯಿಲ್ ಜಿನುಗುವುದು ಎರಡನೇ ವರ್ಷ ಶುರುವಾಯಿತು, ಅದರ ಸೀಲ್ ಮತ್ತೆ ಹಾಕಿಸಬೇಕಾಯಿತು. ಅಳತೆಗಳನ್ನೆಲ್ಲ ಮೆಕ್ಯಾನಿಕ್ ಬಾಯಲ್ಲೇ ಹೇಳಿದರು, ಬಿಲ್‌ನಲ್ಲಿ ಬರೆಯಲಿಲ್ಲ. ನೀವು ಮಾಡಿಸುವುದಾದರೆ ಕಂಪ್ರೆಷನ್ ಅಂಕಿ, ಹೆಡ್‌ನ ಬಾಗು, ಹಾಕಿದ ಗ್ಯಾಸ್ಕೆಟ್‌ನ ದಪ್ಪ, ಈ ಮೂರನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ.