ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಬಂದ ಫೈಬರ್ ಸೇವೆ: ಹದಿನಾಲ್ಕು ತಿಂಗಳ ಬಳಕೆಯ ವಿಮರ್ಶೆ

ನಮ್ಮ ಬಡಾವಣೆಗೆ ಹಲವು ದಶಕಗಳಿಂದ ದೂರವಾಣಿ ಸಂಪರ್ಕ ಒದಗಿಸುತ್ತಿದ್ದ ಎಕ್ಸ್‌ಚೇಂಜನ್ನು ಮುಚ್ಚಲಾಗುವುದೆಂದೂ, ತಾಮ್ರದ ತಂತಿಯ ಮೇಲಿನ ಫೋನು ಮತ್ತು ಬ್ರಾಡ್‌ಬ್ಯಾಂಡ್ ಎರಡನ್ನೂ ನಿಗದಿತ ದಿನದೊಳಗೆ ಫೈಬರ್‌ಗೆ ಬದಲಾಯಿಸಿಕೊಳ್ಳಬೇಕೆಂದೂ ತಿಳಿಸುವ ಪತ್ರ ಬಂದಾಗ ನನಗೆ ಆತಂಕಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ತಂತಿ ಸಾಗುವ ದಾರಿಯ ಲೆಕ್ಕದಲ್ಲಿ ನಮ್ಮ ಮನೆ ಎಕ್ಸ್‌ಚೇಂಜ್‌ನಿಂದ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರವಿದ್ದುದರಿಂದ, ಕಾಗದದಲ್ಲಿ 24 ಎಂಬಿಪಿಎಸ್ ಎಂದಿದ್ದ ಎಡಿಎಸ್‌ಎಲ್, ಅಂದರೆ ಫೋನಿನ ತಾಮ್ರದ ತಂತಿಯ ಮೇಲಿನ ಬ್ರಾಡ್‌ಬ್ಯಾಂಡ್ ಸಂಪರ್ಕ ನಮ್ಮನ್ನು ತಲುಪುವ ಹೊತ್ತಿಗೆ ಮೂರರ ಆಸುಪಾಸಿಗೆ ಇಳಿದಿರುತ್ತಿತ್ತು. ಮಳೆ ಬಂದು ಕೇಬಲ್‌ನ ಜೋಡಣೆಗಳಲ್ಲಿ ನೀರು ಸೇರಿದರೆ ಅದೂ ಇಲ್ಲ, ಫೋನಿನಲ್ಲಿ ಬರೀ ಗೊರಗೊರ ಸದ್ದು.

ಬದಲಾವಣೆಯ ಕೆಲಸ ಅರ್ಧ ದಿನದಲ್ಲಿ ಅಚ್ಚುಕಟ್ಟಾಗಿ ಮುಗಿಯಿತು. ನಾನು ಪಡೆದಿರುವುದು 100 ಎಂಬಿಪಿಎಸ್‌ನ ಯೋಜನೆ. ರೌಟರಿಗೆ ನೇರವಾಗಿ ತಂತಿ ಜೋಡಿಸಿ ನೋಡಿದಾಗಲೆಲ್ಲ, ರಾತ್ರಿ ಎಲ್ಲರೂ ಬಳಸುವ ಹೊತ್ತಿನಲ್ಲಿಯೂ, ವೇಗ 95ಕ್ಕಿಂತ ಕೆಳಗೆ ಇಳಿದಿಲ್ಲ. ವೇಗದ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ.

ಮೊದಲ ಕೊರತೆ ಗೊತ್ತಾದದ್ದು ಎರಡನೆಯ ವಾರ, ಸಂಜೆ ವಿದ್ಯುತ್ ಹೋದಾಗ. ತಾಯಿಯವರು ಅಭ್ಯಾಸಬಲದಿಂದ ಸ್ಥಿರ ದೂರವಾಣಿಯ ರಿಸೀವರ್ ಎತ್ತಿ ಕಿವಿಗಿಟ್ಟು, ಸ್ವಲ್ಪ ಹೊತ್ತು ಹಾಗೆಯೇ ನಿಂತು, ‘ಇದರಲ್ಲಿ ಸದ್ದೇ ಇಲ್ಲವಲ್ಲ’ ಎಂದರು. ಹಳೆಯ ವ್ಯವಸ್ಥೆಯಲ್ಲಿ ಫೋನಿಗೆ ಬೇಕಾದ ವಿದ್ಯುತ್ತು, ಸುಮಾರು 48 ವೋಲ್ಟ್, ಎಕ್ಸ್‌ಚೇಂಜ್‌ನ ಬ್ಯಾಟರಿಗಳಿಂದ ಅದೇ ತಾಮ್ರದ ಜೋಡಿಯ ಮೂಲಕ ಬರುತ್ತಿತ್ತು. ಮನೆಯಲ್ಲಿ ಕತ್ತಲಾದರೂ ಡಯಲ್ ಟೋನ್ ಇರುತ್ತಿತ್ತು. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಸಾಗುತ್ತದೆಯೇ ಹೊರತು ಉಪಕರಣವನ್ನು ನಡೆಸುವ ವಿದ್ಯುತ್ತು ಬರುವುದಿಲ್ಲ. ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಾಯಿಸುವ ಗೋಡೆಯ ಓಎನ್‌ಟಿ ಪೆಟ್ಟಿಗೆಗೂ ರೌಟರಿಗೂ ಮನೆಯವರೇ ವಿದ್ಯುತ್ ಒದಗಿಸಬೇಕು. ಈ ಮಾತು ಸಂಸ್ಥೆಯ ಪತ್ರದಲ್ಲಾಗಲಿ, ಅಳವಡಿಸಲು ಬಂದವರ ಬಾಯಲ್ಲಾಗಲಿ ಒಂದು ಸಲವೂ ಬರಲಿಲ್ಲ. ಮರುದಿನ ರೌಟರಿಗೆಂದೇ ಇರುವ ಚಿಕ್ಕ ಯುಪಿಎಸ್ ಒಂದನ್ನು ತಂದೆ. ಓಎನ್‌ಟಿ ಮತ್ತು ರೌಟರ್ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಯುಪಿಎಸ್ ಬೇಕೆಂಬುದು ಇನ್ನೊಂದು ಸಲ ವಿದ್ಯುತ್ ಹೋದಾಗ ತಿಳಿಯಿತು.

ಬ್ರಿಟನ್ನಿನಲ್ಲಿ ಈ ವಿಷಯಕ್ಕೆ ನಿಯಮವೇ ಇದೆ. ಮೊಬೈಲ್ ಸಿಗ್ನಲ್ ಇಲ್ಲದೆ ಸ್ಥಿರ ದೂರವಾಣಿಯನ್ನೇ ನಂಬಿರುವ ಗ್ರಾಹಕರಿಗೆ, ವಿದ್ಯುತ್ ಹೋದ ಮೇಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಸಾಧ್ಯವಾಗುವ ಏರ್ಪಾಡನ್ನು ಸಂಸ್ಥೆಗಳು ಒದಗಿಸಬೇಕೆಂದು ಅಲ್ಲಿನ ನಿಯಂತ್ರಕ ಆಫ್‌ಕಾಮ್ ಹೇಳಿದೆ. ಅಲ್ಲಿ ಸುಮಾರು 5,600 ಎಕ್ಸ್‌ಚೇಂಜ್‌ಗಳಲ್ಲಿ ಸಾವಿರದಷ್ಟನ್ನು ಮಾತ್ರ ಉಳಿಸಿಕೊಂಡು ಉಳಿದವುಗಳನ್ನು ಹಂತಹಂತವಾಗಿ ಮುಚ್ಚುವ ಯೋಜನೆಯಿದೆ. ಸ್ಪೇನಿನ ದೂರಸಂಪರ್ಕ ಸಂಸ್ಥೆ ಟೆಲಿಫೋನಿಕಾ 2025ರಲ್ಲಿ ತನ್ನ ತಾಮ್ರದ ಜಾಲವನ್ನು ಮುಚ್ಚುವ ಕೆಲಸವನ್ನೇ ಮುಗಿಸಿತು. ಹಾಗಾಗಿ ಎಕ್ಸ್‌ಚೇಂಜ್ ಮುಚ್ಚಿದ್ದೇ ತಪ್ಪೆಂದು ನಾನು ವಾದಿಸುವುದಿಲ್ಲ. ಮುಚ್ಚುವಾಗ ಹೇಳಬೇಕಾದದ್ದನ್ನು ಹೇಳಲಿಲ್ಲವೆಂಬುದೇ ನನ್ನ ಆಕ್ಷೇಪ.

ಆ ಆಕ್ಷೇಪ ಗಟ್ಟಿಯಾದದ್ದು ಏಳನೆಯ ತಿಂಗಳಿನಲ್ಲಿ. ಒಂದು ಬೆಳಗ್ಗೆ ಓಎನ್‌ಟಿಯಲ್ಲಿ ಫೈಬರ್ ಸಂಪರ್ಕವಿದೆಯೆಂದು ತೋರಿಸುವ, ಸದಾ ಹಸಿರಾಗಿರುವ ಪಾನ್ ದೀಪ ಆರಿ, ಲಾಸ್ ಎಂದು ಬರೆದಿರುವ ಕೆಂಪು ದೀಪ ಮಿಣುಕತೊಡಗಿತು. ಬೆಳಕಿನ ಸಂಕೇತವೇ ಬರುತ್ತಿಲ್ಲವೆಂದು ಅದರ ಅರ್ಥ. ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ. ಗ್ರಾಹಕ ಸೇವೆಗೆ ಮೊಬೈಲಿನಿಂದ ಕರೆ ಮಾಡಿ ಇದನ್ನೇ ಹೇಳಿದರೆ, ಅವರು ರೌಟರನ್ನು ಆರಿಸಿ ಹೊತ್ತಿಸುವಂತೆ ಹೇಳಿದರು. ಎರಡನೆಯ ಕರೆಯಲ್ಲಿಯೂ ಅದನ್ನೇ ಹೇಳಿದರು, ಮೂರನೆಯ ಕರೆಯಲ್ಲಿಯೂ ಅದನ್ನೇ. ಸಂಸ್ಥೆಯ ಆ್ಯಪ್‌ನಲ್ಲಿ ‘ನಿಮ್ಮ ಪ್ರದೇಶದಲ್ಲಿ ಯಾವುದೇ ಅಡಚಣೆ ಇಲ್ಲ’ ಎಂಬ ಸಾಲು ದಿನವಿಡೀ ಹಾಗೆಯೇ ಇತ್ತು. ಸಂಜೆ ಹೊರಗೆ ಹೋಗಿ ನಾಲ್ಕಾರು ಮನೆಗಳಲ್ಲಿ ವಿಚಾರಿಸಿದಾಗ ಎಲ್ಲ ಮನೆಗಳಲ್ಲೂ ಅದೇ ಕೆಂಪು ದೀಪ, ಎಲ್ಲರ ಕೈಯಲ್ಲೂ ಒಂದೊಂದು ದೂರು ಸಂಖ್ಯೆ. ಅಷ್ಟು ದೂರುಗಳನ್ನು ಒಂದೇ ಅಡಚಣೆಯೆಂದು ಜೋಡಿಸಿ ನೋಡುವ ಕೆಲಸ ಸಂಸ್ಥೆಯೊಳಗೆ ಯಾರಿಂದಲೂ ಆಗಿರಲಿಲ್ಲ. ಸಂಪರ್ಕ ಮರಳಿ ಬರಲು ಒಟ್ಟು 31 ಗಂಟೆ ಹಿಡಿಯಿತು.

ಕಾರಣ ತೀರ ಸಾಮಾನ್ಯವಾದದ್ದು. ರಸ್ತೆ ಅಗೆಯುವ ಯಂತ್ರವೊಂದು ಕೆಲವು ಕಿಲೋಮೀಟರ್ ಆಚೆ ಮುಖ್ಯ ಕೇಬಲನ್ನು ತುಂಡರಿಸಿತ್ತು. ತಾಮ್ರದ ಬ್ರಾಡ್‌ಬ್ಯಾಂಡ್‌ಗೆ ನಾಲ್ಕೈದು ಕಿಲೋಮೀಟರೇ ಕಡೆಯ ಮಿತಿಯಾದ್ದರಿಂದ ಊರಿಗೆ ಹಲವು ಎಕ್ಸ್‌ಚೇಂಜ್‌ಗಳು ಬೇಕಾಗುತ್ತಿದ್ದವು. ಫೈಬರ್‌ನಲ್ಲಿ 20 ಕಿಲೋಮೀಟರ್ ದೂರದವರೆಗೆ ಒಂದೇ ಕೇಂದ್ರದಿಂದ ಸೇವೆ ಕೊಡಬಹುದು, ಒಂದೇ ಎಳೆಯ ಬೆಳಕನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚಬಹುದು. ಚಿಕ್ಕ ಎಕ್ಸ್‌ಚೇಂಜ್‌ಗಳನ್ನು ಮುಚ್ಚಲು ಸಾಧ್ಯವಾಗುವುದೇ ಇದರಿಂದ, ಆದರೆ ದೂರದ ಆ ಒಂದು ಕೇಬಲ್ ತುಂಡಾದರೆ ಕೇಂದ್ರದಿಂದ ಇಲ್ಲಿಯವರೆಗಿನ ಅಷ್ಟೂ ಮನೆಗಳು ಒಟ್ಟಿಗೆ ಸಂಪರ್ಕ ಕಳೆದುಕೊಳ್ಳುವುದೂ ಇದರಿಂದಲೇ. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು: ನೂರಾರು ಜೋಡಿಗಳಿರುವ ತಾಮ್ರದ ಕೇಬಲ್ ತುಂಡಾದರೆ ಒಂದೊಂದು ಜೋಡಿಯನ್ನೂ ಗುರುತಿಸಿ ಕೂಡಿಸಬೇಕಾಗಿತ್ತು, ಅದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ನಮ್ಮಲ್ಲಿ ತುಂಡಾದ ಫೈಬರನ್ನು ಕೂಡಿಸುವ ಕೆಲಸ ಮೂರು ಗಂಟೆಯೊಳಗೆ ಮುಗಿಯಿತೆಂದು ಆ ತಂಡದವರೇ ನಂತರ ಹೇಳಿದರು. ಉಳಿದ 28 ಗಂಟೆ ಹೋದದ್ದು ಅಡಚಣೆ ಇದೆಯೆಂದು ಒಪ್ಪಿಕೊಳ್ಳುವುದಕ್ಕೆ, ಎಲ್ಲಿದೆಯೆಂದು ಹುಡುಕುವುದಕ್ಕೆ ಮತ್ತು ಯಾವ ತಂಡ ಹೋಗಬೇಕೆಂದು ತೀರ್ಮಾನಿಸುವುದಕ್ಕೆ. ಹಳೆಯ ಎಕ್ಸ್‌ಚೇಂಜ್‌ನಲ್ಲಿ ನಮ್ಮ ಬಡಾವಣೆಯ ಕಂಬ, ಡಕ್ಟ್ ಎಲ್ಲವನ್ನೂ ಬಲ್ಲ ಒಬ್ಬ ಲೈನ್‌ಮನ್ ಇದ್ದರು. ಸೈಕಲ್ ನಿಲ್ಲಿಸಿ ಕಂಬದ ಪೆಟ್ಟಿಗೆ ತೆರೆದು ನೋಡಿ, ದೋಷ ಇಲ್ಲಿಯದೋ ಮುಂದಿನದೋ ಎಂದು ಹತ್ತು ನಿಮಿಷದಲ್ಲಿ ಹೇಳುತ್ತಿದ್ದರು. ಕಟ್ಟಡದ ಜೊತೆಗೆ ಆ ತಿಳಿವಳಿಕೆಯೂ ಹೋಯಿತು. ಅದರ ಜಾಗಕ್ಕೆ ಸಂಸ್ಥೆ ಏನನ್ನೂ ತಂದಿಲ್ಲ.

ಸೇವೆಗೆ ಬರುವ ತಂತ್ರಜ್ಞರ ಬಗ್ಗೆ ಮಾತ್ರ ನನಗೆ ಗೌರವವೇ ಇದೆ. ಹನ್ನೊಂದನೆಯ ತಿಂಗಳಲ್ಲಿ ನಮ್ಮ ಮನೆಯ ಸಂಪರ್ಕವೊಂದೇ ಬಿಟ್ಟುಬಿಟ್ಟು ಬರತೊಡಗಿತು. ಬಂದ ಯುವಕ ಮೊದಲು ಮೀಟರ್ ಹಚ್ಚಿ ಬೆಳಕಿನ ಬಲ ನೋಡಿದರು: ಮೈನಸ್ 29 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕ್ಷೀಣ). ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕವನ್ನು ನಂಬುವಂತಿಲ್ಲ ಎಂದು ವಿವರಿಸಿ, ಗೋಡೆಗುಂಟ ಎಳೆಯನ್ನು ಬೆರಳಿನಲ್ಲಿ ಸವರುತ್ತ ಹೋಗಿ, ಬೀರುವಿನ ಹಿಂದೆ ಅದು ಚೂಪಾಗಿ ಮಡಚಿದ್ದ ಜಾಗವನ್ನು ಕಂಡುಹಿಡಿದರು. ಆ ತುಂಡನ್ನು ತೆಗೆದು, ಹೊದಿಕೆ ಸುಲಿದು, ಕೂದಲೆಳೆಯಷ್ಟು ತೆಳುವಾದ ಗಾಜನ್ನು ಒರೆಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟು ಬೆಸೆದರು. ಮೀಟರ್ ಮೈನಸ್ 21 ತೋರಿಸಿತು. ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿ ಇಡುವಂತೆ ಹೇಳಿ ಹೊರಟರು. ಅಂದಿನಿಂದ ಆ ತೊಂದರೆ ಮರುಕಳಿಸಿಲ್ಲ.

ನಿಮ್ಮ ಎಕ್ಸ್‌ಚೇಂಜ್ ಮುಚ್ಚುವ ಪತ್ರ ಬಂದಿದ್ದರೆ ಬದಲಾಯಿಸಿಕೊಳ್ಳಲು ಹಿಂಜರಿಯಬೇಡಿ. ಸಹಿ ಮಾಡುವ ಮೊದಲು ವೇಗವನ್ನಲ್ಲ, ವಿದ್ಯುತ್ ಹೋದಾಗ ಫೋನು ಎಷ್ಟು ಹೊತ್ತು ನಡೆಯುತ್ತದೆ, ಸೇವೆ ನಿಂತ ದಿನಗಳ ಬಾಡಿಗೆಯನ್ನು ತಾವಾಗಿಯೇ ಕಡಿತ ಮಾಡುತ್ತಾರೆಯೇ ಎಂಬುದನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವೈದ್ಯಕೀಯ ಅಲಾರಂ ಅಥವಾ ಲಿಫ್ಟಿನ ತುರ್ತು ಫೋನು ಹಳೆಯ ತಂತಿಯ ಮೇಲಿದ್ದರೆ, ಬದಲಾವಣೆಯಾದ ದಿನವೇ ತಂತ್ರಜ್ಞರ ಎದುರಿಗೇ ಅದನ್ನು ಪರೀಕ್ಷಿಸಿ. ಸಾಧ್ಯವಿದ್ದರೆ ಬೇರೆ ಜಾಲದ ಮೊಬೈಲ್ ಡೇಟಾ ಒಂದು ಕೈಯಲ್ಲಿರಲಿ.

ನಾನು ಇನ್ನೊಂದು ವರ್ಷಕ್ಕೆ ಹಣ ಕಟ್ಟಿದ್ದೇನೆ. 31 ಗಂಟೆಗಳ ಬಾಡಿಗೆಯನ್ನು ಮೂರು ಪತ್ರ ಬರೆದ ಮೇಲೆ ಮರಳಿಸಿದರು. ಅಡಚಣೆಯಾದಾಗ ಬಡಾವಣೆಯ ಎಲ್ಲ ಗ್ರಾಹಕರಿಗೂ ಸಂದೇಶ ಕಳುಹಿಸಬೇಕೆಂಬ ನನ್ನ ಕೋರಿಕೆಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದು ಐದು ತಿಂಗಳಾಗಿದೆ. ಕಳೆದ ವಾರ ಎರಡು ಗಂಟೆ ಸಂಪರ್ಕ ಹೋದಾಗಲೂ ಆ್ಯಪ್ ಹಳೆಯ ಸಾಲನ್ನೇ ತೋರಿಸುತ್ತಿತ್ತು.