ಮನುಷ್ಯರ ಗ್ಲುಕೋಮೀಟರ್ ಬೆಕ್ಕಿಗೆ: 14 ತಿಂಗಳು ಬಳಸಿದ ಮೇಲೆ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಒಳಗೆ ಎಂಟು ಕಿಲೋಮೀಟರ್. ನಾನು, ನಮ್ಮ ಮನೆಯವರು, ಅತ್ತೆ, ಮತ್ತೆ ಗುಂಡ. ಗುಂಡ ನಮ್ಮ ಬೆಕ್ಕು, ಈಗ ಹತ್ತು ವರ್ಷ. ಕಳೆದ ವರ್ಷ ಮಾರ್ಚ್‌ನಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಅವತ್ತಿನಿಂದ ಮೆಡಿಕಲ್ ಶಾಪ್‌ನಲ್ಲಿ ಮನುಷ್ಯರಿಗೆ ಅಂತ ಮಾರುವ ಗ್ಲುಕೋಮೀಟರನ್ನೇ ಅವನಿಗೂ ಬಳಸುತ್ತಿದ್ದೇನೆ. 50 ಸ್ಟ್ರಿಪ್‌ನ ಡಬ್ಬಿ ಇಲ್ಲಿಯವರೆಗೆ 13 ಖಾಲಿಯಾಗಿವೆ. ಬೆಕ್ಕಿಗೆ ಶುಗರ್ ಇದೆ ಅಂತ ಹೊಸದಾಗಿ ಗೊತ್ತಾಗಿ ಗಾಬರಿಯಲ್ಲಿರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಮನಿಸಿದ್ದು ಅತ್ತೆ. ಗುಂಡ ಹಿತ್ತಲಲ್ಲಿ ಬಚ್ಚಲೊಲೆಯ ಬೂದಿ ಹಾಕುವ ಜಾಗದಲ್ಲಿ ಉಚ್ಚೆ ಹೊಯ್ಯುತ್ತಾನೆ. ಒಂದು ಬೆಳಗ್ಗೆ ಆ ಬೂದಿಯ ಮೇಲೆಲ್ಲ ಇರುವೆ ಮುತ್ತಿತ್ತು. "ನೋಡೇ ಇಲ್ಲಿ, ನನಗೆ ಶುಗರ್ ಅಂತ ಗೊತ್ತಾಗೋ ಮೊದಲು ನಮ್ಮ ಬಚ್ಚಲಲ್ಲೂ ಹಿಂಗೇ ಇರುವೆ ಬರ್ತಿತ್ತು" ಅಂದರು. ಆಮೇಲೆ ಒಂದೊಂದೇ ನೆನಪಾಯಿತು. ಅಂಗಳದ ಬಾನಿಯಲ್ಲಿ ಮುಖ ಇಟ್ಟರೆ ಎತ್ತುತ್ತಲೇ ಇರಲಿಲ್ಲ, ಅಷ್ಟು ನೀರು ಕುಡಿಯುತ್ತಿದ್ದ. ಎಷ್ಟು ಹಾಕಿದರೂ ತಿನ್ನುತ್ತಿದ್ದ, ಆದರೂ 6.9 ಕೆಜಿ ಇದ್ದವನು 5.2ಕ್ಕೆ ಇಳಿದಿದ್ದ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಅವನ ಹಿಂಗಾಲು. ಬೆಕ್ಕು ಬೆರಳ ಮೇಲೆ ನಡೆಯುತ್ತದೆ ಅಲ್ವಾ, ಇವನು ಹಿಮ್ಮಡಿಯ ಗಂಟಿನವರೆಗೂ ನೆಲಕ್ಕೆ ಊರಿ ಮೊಲ ಕೂತ ಹಾಗೆ ನಡೆಯುತ್ತಿದ್ದ. ಜಗಲಿ ಹತ್ತಲು ಆಗದೆ ಕೆಳಗೆ ನಿಂತು ನನ್ನ ಮುಖ ನೋಡುತ್ತಿದ್ದ. ಸಕ್ಕರೆ ಜಾಸ್ತಿಯಾಗಿ ಕಾಲಿನ ನರಗಳಿಗೆ ಪೆಟ್ಟು ಬಿದ್ದರೆ ಹಾಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಬುಟ್ಟಿಯಲ್ಲಿ ಕೂರಿಸಿ ಬಸ್ಸಿನಲ್ಲಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವವರೆಗೂ ಒಂದೇ ಸಮ ಕೂಗಿದ. ಅಲ್ಲಿ ನೋಡಿದಾಗ ಸಕ್ಕರೆ 428. ಡಾಕ್ಟರ್ ಹೇಳಿದ ಮೊದಲ ಮಾತು, "ಈ ನಂಬರನ್ನೇ ನಂಬಬೇಡಿ" ಅಂತ. ಹೆದರಿದ ಬೆಕ್ಕಿಗೆ ಸಕ್ಕರೆ ತಾನಾಗಿಯೇ ಏರುತ್ತದಂತೆ. ಕಾಯಿಲೆ ಇಲ್ಲದ ಬೆಕ್ಕಿಗೂ ಗಾಬರಿಯಾದಾಗ 300 ದಾಟಬಹುದಂತೆ. ಅದಕ್ಕೇ ಉಚ್ಚೆಯಲ್ಲಿ ಸಕ್ಕರೆ ಇದೆಯಾ ನೋಡಿದರು. ಫ್ರಕ್ಟೋಸಮೀನ್ ಅನ್ನುವ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಅದು ಹಿಂದಿನ ಎರಡು ಮೂರು ವಾರದ ಸರಾಸರಿ ತೋರಿಸುತ್ತದೆ, ಆ ಹೊತ್ತಿನ ಗಾಬರಿಯಿಂದ ಬದಲಾಗುವುದಿಲ್ಲ. ಎರಡರಲ್ಲೂ ಕಾಯಿಲೆ ಖಚಿತವಾಯಿತು. "ಆದರೆ ಡೋಸ್ ಏರಿಸೋದು ಇಳಿಸೋದು ಇಲ್ಲಿನ ನಂಬರ್ ನೋಡಿ ಮಾಡೋಕಾಗಲ್ಲ. ಮನೆಯಲ್ಲೇ ನೋಡಿ ಬರೆದಿಡಿ" ಅಂದರು. ಮರುದಿನ ಮನೆಯಲ್ಲಿ, ಅವನ ಜಾಗದಲ್ಲೇ ನೋಡಿದಾಗ 306. ಆ 428 ನೋಡಿಕೊಂಡು ಇನ್ಸುಲಿನ್ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಬೇರೇನು ಕೊಳ್ಳದಿದ್ದರೂ ಮೀಟರ್ ಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಮೀಟರ್ ಯಾವ ಕಂಪನಿಯದು ಅಂತ ತುಂಬಾ ಜನ ಕೇಳುತ್ತಾರೆ. ಕಂಪನಿಗಿಂತ ಅದಕ್ಕೆ ಎಷ್ಟು ರಕ್ತ ಬೇಕು ಅನ್ನುವುದನ್ನು ನೋಡಿ. ಅತ್ತೆಯ ಹಳೆಯ ಮೀಟರ್ ಮನೆಯಲ್ಲೇ ಇತ್ತು, ಅದರಲ್ಲೇ ಶುರು ಮಾಡಿದೆ. ಅದಕ್ಕೆ 1ರಿಂದ 2 ಮೈಕ್ರೋಲೀಟರ್ ರಕ್ತ ಬೇಕು. ಬೆರಳಿನಿಂದಾದರೆ ಅದು ಏನೂ ಅಲ್ಲ. ಬೆಕ್ಕಿನ ಕಿವಿಯಲ್ಲಿ ಬರುವುದು ಸಾಸಿವೆ ಕಾಳಿಗಿಂತ ಸಣ್ಣ ಹನಿ. ಮೊದಲ ಮೂರು ದಿನದಲ್ಲಿ ಹನ್ನೊಂದು ಸ್ಟ್ರಿಪ್ ಹಾಳಾದವು. ಆಮೇಲೆ 0.6 ಮೈಕ್ರೋಲೀಟರ್ ಸಾಕಾಗುವ ಹೊಸ ಮೀಟರ್ ತಂದೆ. ಸ್ಟ್ರಿಪ್ ತುದಿ ಹನಿಗೆ ತಾಗಿಸಿದರೆ ತಾನೇ ಎಳೆದುಕೊಳ್ಳುತ್ತದೆ. ಎಷ್ಟು ರಕ್ತ ಬೇಕು ಅನ್ನುವುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇರುತ್ತದೆ, ಅಂಗಡಿಯಲ್ಲೇ ಓದಿಸಿ ನೋಡಿ.

ಕಿವಿಯ ಅಂಚಿನಲ್ಲಿ ಒಂದು ತೆಳು ರಕ್ತನಾಳ ಹೋಗುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ರಕ್ತನಾಳದ ಪಕ್ಕದ ಅಂಚಿಗೆ ಚುಚ್ಚಬೇಕು. ಹಿಂದೆ ಹತ್ತಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಸೂಜಿ ನಮ್ಮ ಬೆರಳಿಗೇ ಬರುತ್ತದೆ. ಟಕ್ ಅಂತ ಸೂಜಿ ಚುಚ್ಚುವ ಪೆನ್ನಿನ ಸದ್ದಿಗೆ ಗುಂಡ ಬೆಚ್ಚುತ್ತಿದ್ದ, ಅದಕ್ಕೇ ಸೂಜಿಯನ್ನು ಕೈಯಲ್ಲೇ ಹಿಡಿದು ಚುಚ್ಚುತ್ತೇನೆ. ಕಿವಿ ತಣ್ಣಗಿದ್ದರೆ ಎಷ್ಟು ಚುಚ್ಚಿದರೂ ರಕ್ತ ಬರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದಾಗ ಇದೇ ದೊಡ್ಡ ತೊಂದರೆಯಾಯಿತು. ಬಿಸಿ ಬಟ್ಟೆ ಒತ್ತಿದರೆ ತಲೆ ಕೊಡವಿ ಓಡುತ್ತಿದ್ದ. ಒಂದು ದಿನ ಅವನು ಬಚ್ಚಲೊಲೆ ಮುಂದೆ ಮಲಗಿದ್ದಾಗ ಕಿವಿ ಮುಟ್ಟಿ ನೋಡಿದೆ, ಆಗಷ್ಟೇ ಕಾವಲಿಯಿಂದ ತೆಗೆದ ರೊಟ್ಟಿ ಹಾಗೆ ಬೆಚ್ಚಗಿತ್ತು. ಅಲ್ಲೇ ಕೂತು ಚುಚ್ಚಿದೆ. ಕೆಂಪು ಹನಿ ತಕ್ಷಣ ಬಂತು, ಅವನು ಕಣ್ಣೂ ಬಿಡಲಿಲ್ಲ. ಅವತ್ತಿನಿಂದ ಬೆಳಗಿನ ಸ್ನಾನದ ಒಲೆ ಉರಿಯುವ ಹೊತ್ತೇ ನಮ್ಮ ಪರೀಕ್ಷೆ ಹೊತ್ತು. ಆದ ಮೇಲೆ ಬೇಯಿಸಿದ ಕೋಳಿಯ ಒಂದು ಚೂರು. ಈಗ ಮೀಟರ್ ಚೀಲದ ಜಿಪ್ ಸದ್ದು ಕೇಳಿದರೆ ಅವನೇ ಬರುತ್ತಾನೆ.

ಮನುಷ್ಯರ ಮೀಟರ್ ಬೆಕ್ಕಿಗೆ ಸರಿಯಾದ ನಂಬರ್ ತೋರಿಸುತ್ತದಾ? ಇಲ್ಲ, ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ. ರಕ್ತದಲ್ಲಿ ಸಕ್ಕರೆ ಕೆಂಪು ಕಣದಲ್ಲಿ ಎಷ್ಟು, ನೀರಿನಂಥ ಪ್ಲಾಸ್ಮಾದಲ್ಲಿ ಎಷ್ಟು ಅನ್ನುವ ಲೆಕ್ಕ ಮನುಷ್ಯರಿಗೂ ಬೆಕ್ಕಿಗೂ ಬೇರೆ. ಮೀಟರ್ ಮನುಷ್ಯರ ಲೆಕ್ಕದಲ್ಲಿ ಹೇಳುತ್ತದೆ. ಆಸ್ಪತ್ರೆಗೆ ಮೀಟರ್ ತೆಗೆದುಕೊಂಡು ಹೋಗಿ ಒಂದೇ ರಕ್ತವನ್ನು ಎರಡರಲ್ಲೂ ನೋಡಿಸಿದೆವು. ಲ್ಯಾಬ್‌ನಲ್ಲಿ 262, ನಮ್ಮದರಲ್ಲಿ 219. ಈ ವ್ಯತ್ಯಾಸ ಡಾಕ್ಟರ್‌ಗೂ ಗೊತ್ತಿದ್ದರೆ ತೊಂದರೆಯಿಲ್ಲ. ಆದರೆ ಇವತ್ತು ಒಂದು ಮೀಟರ್, ನಾಳೆ ಇನ್ನೊಂದು ಅಂತ ಬದಲಾಯಿಸಬೇಡಿ, ನೋಟ್‌ಬುಕ್ಕಿನ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ. ಪ್ರಾಣಿಗಳಿಗೆ ಅಂತಲೇ ಮಾಡಿದ ಮೀಟರ್ ಇವೆ, ಅವು ಇನ್ನೂ ಸರಿಯಾಗಿ ತೋರಿಸುತ್ತವೆ. ನಾನು ಅದನ್ನು ಬಿಟ್ಟಿದ್ದು ಒಂದೇ ಕಾರಣಕ್ಕೆ. ರಾತ್ರಿ ಎಂಟಕ್ಕೆ ಸ್ಟ್ರಿಪ್ ಮುಗಿದರೆ ತೀರ್ಥಹಳ್ಳಿಯಲ್ಲಿ ನನಗೆ ಸಿಗುವುದು ಮನುಷ್ಯರದ್ದು ಮಾತ್ರ.

ಮೀಟರ್‌ಗಿಂತ ಸಿರಿಂಜ್ ವಿಷಯಕ್ಕೆ ಹೆಚ್ಚು ಹುಷಾರಾಗಿರಬೇಕು. ಅತ್ತೆಯ ಇನ್ಸುಲಿನ್ 40ರದ್ದು, ಅಂದರೆ ಒಂದು ಮಿಲಿಲೀಟರ್‌ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಗುಂಡನಿಗೆ ಕೊಟ್ಟಿದ್ದು ಗ್ಲಾರ್ಜಿನ್ ಅನ್ನುವ ಇನ್ಸುಲಿನ್, ಅದು 100ರದ್ದು. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಶುರುವಾಗಿ ಎರಡನೇ ವಾರ. ಕರೆಂಟ್ ಹೋಗಿತ್ತು. ಟಾರ್ಚ್ ಬೆಳಕಲ್ಲಿ ಗುಂಡನ ಸೀಸೆಯಿಂದ ಒಂದು ಗೆರೆಯವರೆಗೆ ಎಳೆದಿದ್ದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. "ಎಂತದೇ ಮಾರಾಯ್ತಿ, ಅದು ನನ್ನ ಸಿರಿಂಜು!" ಅಂತ ಕೈ ಹಿಡಿದುಬಿಟ್ಟರು. ನೋಡಿದರೆ ಹೌದು, ಕೆಂಪು ಮುಚ್ಚಳ ನನ್ನ ಮಡಿಲಲ್ಲೇ ಬಿದ್ದಿತ್ತು. 40ರ ಸಿರಿಂಜಿನಲ್ಲಿ 100ರ ಔಷಧಿ ಒಂದು ಗೆರೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ಐದು ಕೆಜಿ ಬೆಕ್ಕಿಗೆ ಅದು ಪ್ರಾಣಕ್ಕೇ ಅಪಾಯ ಆಗಬಹುದು. ಕೈ ನಡುಗಿ ಆಮೇಲೆ ಸರಿಯಾದ ಸೂಜಿ ಚುಚ್ಚಲು ಹತ್ತು ನಿಮಿಷ ಬೇಕಾಯಿತು. ಈಗ ಅತ್ತೆಯದು ಸ್ಟೀಲ್ ಡಬ್ಬಿಯಲ್ಲಿ, ಗುಂಡನದು ಹಳದಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೇರೆ ಬೇರೆ ಕಪಾಟಿನಲ್ಲಿ. ಔಷಧಿಯೂ ನೋಡಲು ಬೇರೆ. ಅತ್ತೆಯದು ಹಾಲಿನ ಹಾಗೆ ಬೆಳ್ಳಗೆ, ಅಂಗೈಯಲ್ಲಿ ಉರುಳಿಸಿ ಬೆರೆಸಬೇಕು. ಗ್ಲಾರ್ಜಿನ್ ನೀರಿನ ಹಾಗೆ ತಿಳಿ, ಅದನ್ನು ಕುಲುಕಲೂಬಾರದು, ಬೇರೆ ಯಾವುದರ ಜೊತೆ ಬೆರೆಸಲೂಬಾರದು. ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ "ಇನ್ಸುಲಿನ್ ಸಿರಿಂಜ್ ಕೊಡಿ" ಅನ್ನಬೇಡಿ, "100ರದ್ದು, ಕಿತ್ತಳೆ ಮುಚ್ಚಳದ್ದು" ಅಂತಲೇ ಕೇಳಿ. ಮನೆಗೆ ತಂದ ಮೇಲೆ ಸಿರಿಂಜಿನ ಮೇಲೆ ಬರೆದಿರುವುದನ್ನೂ ಓದಿ.

ಸೂಜಿ ಚುಚ್ಚುವುದು ಅಂದುಕೊಂಡಷ್ಟು ಕಷ್ಟವಲ್ಲ. ಪಕ್ಕೆಯ ಸಡಿಲ ಚರ್ಮ ಎತ್ತಿ, ಅವನು ತಿನ್ನುತ್ತಿರುವಾಗಲೇ ಚುಚ್ಚಿಬಿಡುತ್ತೇನೆ. ಗೊತ್ತೇ ಆಗುವುದಿಲ್ಲ ಅವನಿಗೆ. ಬೆಳಗ್ಗೆ ಎಂಟು, ರಾತ್ರಿ ಎಂಟು.

ಊಟ ಬದಲಾಯಿಸಿದ್ದು ಅತ್ತೆಗೆ ತುಂಬಾ ಬೇಜಾರಾಯಿತು. ಮೀನು ಸಾರಿನ ಅನ್ನ, ಹಾಲು, ಮಧ್ಯದಲ್ಲಿ ಕಾಳಿನಂಥ ಒಣ ಕ್ಯಾಟ್ ಫುಡ್, ಇಷ್ಟೂ ಒಂಬತ್ತು ವರ್ಷ ತಿಂದವನು. ಅನ್ನ ಪೂರ್ತಿ ನಿಂತಿತು. ಒಣ ಆಹಾರದಲ್ಲೂ ಹಿಟ್ಟಿನಂಶ ಜಾಸ್ತಿ, ಅದೂ ನಿಂತಿತು. ಬರೀ ಕೋಳಿ ಮೀನು ಹಾಕಿದರೆ ಕ್ಯಾಲ್ಸಿಯಂ, ಟಾರಿನ್ (ಬೆಕ್ಕಿಗೆ ಬೇಕೇಬೇಕಾದ ಒಂದು ಪೋಷಕಾಂಶ) ಸಾಲುವುದಿಲ್ಲ ಅಂತ ಡಾಕ್ಟರ್ ಹೇಳಿದ್ದರಿಂದ ಮುಖ್ಯ ಊಟ ಬೆಕ್ಕಿನ ಒದ್ದೆ ಆಹಾರದ (ವೆಟ್ ಫುಡ್) ಡಬ್ಬಿ, ಮೇಲಿಂದ ಸ್ವಲ್ಪ ಕೋಳಿ. ಗ್ರೇವಿ ಇರುವುದನ್ನು ಬಿಟ್ಟು ಗಟ್ಟಿ ಮುದ್ದೆಯ ಹಾಗಿರುವುದನ್ನೇ ತರುತ್ತೇವೆ, ಗ್ರೇವಿ ಮಂದವಾಗಲು ಅದಕ್ಕೆ ಪಿಷ್ಟ ಹಾಕಿರುತ್ತಾರೆ. ಒಂದು ಎಚ್ಚರಿಕೆ: ಇನ್ಸುಲಿನ್ ಶುರುವಾದ ಮೇಲೆ ಡಾಕ್ಟರನ್ನು ಕೇಳದೆ ಅನ್ನ ನಿಲ್ಲಿಸಬೇಡಿ. ಊಟ ಬದಲಾದ ಕೂಡಲೇ ಸಕ್ಕರೆ ಇಳಿಯುತ್ತದೆ, ಅದೇ ಡೋಸ್ ಆಗ ಜಾಸ್ತಿಯಾಗಿಬಿಡುತ್ತದೆ.

ತಿಂಗಳಿಗೊಮ್ಮೆ ಇಡೀ ದಿನದ ಲೆಕ್ಕ ಬರೆಯುತ್ತೇನೆ, ಎರಡು ಗಂಟೆಗೊಮ್ಮೆ. ಮೇ ತಿಂಗಳ ಒಂದು ಹಾಳೆ ಹೀಗಿದೆ: ಬೆಳಗ್ಗೆ 8ಕ್ಕೆ 318, 10ಕ್ಕೆ 262, 12ಕ್ಕೆ 188, 2ಕ್ಕೆ 141, 4ಕ್ಕೆ 156, 6ಕ್ಕೆ 224, ರಾತ್ರಿ 8ಕ್ಕೆ 297. ಔಷಧಿ ಎಲ್ಲಿಯವರೆಗೆ ಇಳಿಸಿತು, ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಇದರಲ್ಲಿ ಕಾಣುತ್ತದೆ. ಬೆಳಗಿನ 318 ಒಂದನ್ನೇ ನೋಡಿದರೆ ಡೋಸ್ ಏರಿಸೋಣ ಅನ್ನಿಸುತ್ತದೆ. 141ಕ್ಕೆ ಇಳಿದದ್ದು ಗೊತ್ತಿದ್ದರೆ ಆ ತಪ್ಪು ಮಾಡುವುದಿಲ್ಲ. ಹಾಳೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಡಾಕ್ಟರ್‌ಗೆ ಕಳಿಸುತ್ತೇನೆ, ಅವರು ಹೇಳಿದ ಹಾಗೆ ಡೋಸ್. ಹೀಗೆ 1 ಯೂನಿಟ್‌ನಿಂದ ಶುರುವಾಗಿ 2ರವರೆಗೆ ಹೋಯಿತು.

ಜುಲೈ ಕೊನೆಯಲ್ಲಿ ಒಂದು ಸಂಜೆ ಗುಂಡ ಜಗಲಿಯ ಕೆಳಗೆ ನಿಂತಿದ್ದ. ಎತ್ತಿಕೊಳ್ಳೋಣ ಅಂತ ಬಗ್ಗಿದೆ. ನಾನು ಮುಟ್ಟುವ ಮೊದಲೇ ಹಾರಿ ಮೇಲೆ ಕೂತ. ಹಿಂಗಾಲು ಬೆರಳ ಮೇಲೆ ನಿಂತಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಸೂಜಿಗೆ ಮೊದಲು ನೋಡಿದರೆ 74. ಸ್ಟ್ರಿಪ್ ಹಾಳಾಗಿರಬೇಕು ಅಂದುಕೊಂಡು ಮತ್ತೊಂದು ಹಾಕಿದೆ, 71. ಗುಂಡ ಆರಾಮಾಗಿ ಮೈ ನೆಕ್ಕಿಕೊಳ್ಳುತ್ತಿದ್ದ. ಮೀಟರ್ ಇಲ್ಲದಿದ್ದರೆ ನಾನು ಎಂದಿನ ಹಾಗೆ ಎರಡು ಯೂನಿಟ್ ಚುಚ್ಚಿಬಿಡುತ್ತಿದ್ದೆ. ಚುಚ್ಚದೆ ಫೋನ್ ಮಾಡಿದೆ. ಬೆಕ್ಕಿನ ಕಾಯಿಲೆ ಹೆಚ್ಚಾಗಿ ಮನುಷ್ಯರ ಟೈಪ್ 2 ತರಹದ್ದು. ಬೇಗ ಹಿಡಿತಕ್ಕೆ ಬಂದರೆ ಮೈ ತಾನೇ ಮತ್ತೆ ಇನ್ಸುಲಿನ್ ಮಾಡಿಕೊಳ್ಳಲು ಶುರು ಮಾಡಬಹುದು, ಕೆಲವು ಬೆಕ್ಕುಗಳಿಗೆ ಸೂಜಿಯೇ ಬೇಡವಾಗುತ್ತದೆ. ಡೋಸ್ ಒಂದಾಯಿತು, ಅರ್ಧವಾಯಿತು, ಸೆಪ್ಟೆಂಬರ್ ನಡುವೆ ನಿಂತೇಹೋಯಿತು. ಹನ್ನೊಂದು ವಾರ ಸೂಜಿ ಇಲ್ಲದೆ ಇದ್ದ. ವಾರಕ್ಕೆರಡು ಸಲ ನೋಡುವುದನ್ನು ಮಾತ್ರ ನಾನು ಬಿಡಲಿಲ್ಲ. ಡಿಸೆಂಬರ್ ಶುರುವಿನಲ್ಲಿ 190, ಮತ್ತೆ 240. ಬಾಯಿ ತೆರೆದು ನೋಡಿದರೆ ವಸಡು ಕೆಂಪಾಗಿ ಊದಿಕೊಂಡಿತ್ತು. ಸೋಂಕು ಇದ್ದರೆ ಸಕ್ಕರೆ ಏರುತ್ತದೆ. ಎರಡು ಹಲ್ಲು ತೆಗೆಸಿದೆವು, ಸೂಜಿ ಮತ್ತೆ ಶುರುವಾಯಿತು. ಬೇಜಾರಾಯಿತು, ನಿಜ. ಆದರೆ ಈ ಸಲ ಇರುವೆ ಬರುವವರೆಗೆ ಕಾಯಲಿಲ್ಲ. ಈಗ ಹೊತ್ತಿಗೆ 1 ಯೂನಿಟ್, ತೂಕ 5.6 ಕೆಜಿ.

ಸಕ್ಕರೆ ತೀರಾ ಇಳಿದರೆ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಅದಕ್ಕೆ ಒಂದು ಸಣ್ಣ ಸೀಸೆ ಜೇನು ಮೀಟರ್ ಚೀಲದಲ್ಲೇ ಇದೆ. ಬೆರಳಲ್ಲಿ ಅದ್ದಿ ವಸಡಿಗೆ ಸವರಿ, ತಕ್ಷಣ ಡಾಕ್ಟರ್ ಹತ್ತಿರ ಓಡಬೇಕು. ಎಚ್ಚರ ಇಲ್ಲದಾಗ ಬಾಯಿಗೆ ಸುರಿಯಬಾರದು, ಉಸಿರಿಗೆ ಹೋಗುತ್ತದೆ. ನಮಗೆ ಇನ್ನೂ ಅದು ಬೇಕಾಗಿಲ್ಲ.

ಖರ್ಚು ಹೇಳಬೇಕೆಂದರೆ, ಮೀಟರ್‌ಗೆ ಕೊಟ್ಟಿದ್ದು 850 ರೂಪಾಯಿ. ಸ್ಟ್ರಿಪ್ ತಿಂಗಳಿಗೆ 900ರ ಹತ್ತಿರ, ಜಾಸ್ತಿ ಖರ್ಚು ಅದೇ. ಮೀಟರ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ, ಸ್ಟ್ರಿಪ್ ಬೆಲೆ ಕೇಳಿ ತನ್ನಿ.

ನಮ್ಮ ಮಲೆನಾಡಿನವರಿಗೆ ಇನ್ನೊಂದು ವಿಷಯ. ತೇವ ತಾಗಿದರೆ ಸ್ಟ್ರಿಪ್ ಕೆಟ್ಟುಹೋಗುತ್ತದೆ. ಕಳೆದ ಆಷಾಢದಲ್ಲಿ ಒಂದು ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ರಾತ್ರಿಯಿಡೀ ಹಾಗೇ ಇತ್ತು. ಮರುದಿನ ಅದರಲ್ಲಿ ಒಂದು ಸಲ 130, ಎರಡು ನಿಮಿಷದಲ್ಲಿ 215, ಆಮೇಲೆ ಬರೀ ಎರರ್. ಮೂವತ್ತು ಸ್ಟ್ರಿಪ್ ಬಿಸಾಡಿದೆ. ಸ್ಟ್ರಿಪ್ಪನ್ನು ಅದರ ಡಬ್ಬಿಯಲ್ಲೇ ಇಡಿ, ಒಂದು ತೆಗೆದ ಕೂಡಲೇ ಟಕ್ ಅಂತ ಮುಚ್ಚಿ, ಫ್ರಿಜ್‌ನಲ್ಲಿ ಇಡಬೇಡಿ. ಫ್ರಿಜ್‌ನಲ್ಲಿರಬೇಕಾದ್ದು ಇನ್ಸುಲಿನ್, ಅದೂ ಐಸ್ ಕಟ್ಟುವ ಜಾಗದಿಂದ ದೂರ, ಬಾಗಿಲ ಹತ್ತಿರ. ಈ ವರ್ಷದ ಮಳೆ ಹಿಡಿಯುವ ಮೊದಲು ಎರಡು ಡಬ್ಬಿ ತಂದಿಡಬೇಕು, ಈಗಿರುವುದರಲ್ಲಿ ಒಂಬತ್ತು ಉಳಿದಿವೆ.